ತೋಟದ ಕಸಕ್ಕೆ ಚಿಪ್ಪರ್ ತಂದ್ವಿ, ಪದೇ ಪದೇ ಕಟ್ಟಿಕೊಳ್ಳುತ್ತೆ. ಏನು ಮಾಡೋದು?

ಹೊಸನಗರದ ಕಡೆ ಅಡಿಕೆ ತೋಟಕ್ಕೆ ಪೆಟ್ರೋಲ್ ಚಿಪ್ಪರ್, ಅಂದ್ರೆ ಕಸವನ್ನು ಚಕ್ಕೆ ಚಕ್ಕೆಯಾಗಿ ಕತ್ತರಿಸುವ ಮಷಿನ್ ತಂದಿದ್ದೀರಿ, ಸೋಗೆ (ಅಡಿಕೆ ಗರಿ), ರೆಂಬೆ ಹಾಕಿದ ಸ್ವಲ್ಪ ಹೊತ್ತಿಗೇ ಸಿಕ್ಕಿಹಾಕಿಕೊಂಡು ನಿಲ್ಲುತ್ತೆ, ಮಷಿನ್ ಚಿಕ್ಕದಾಯ್ತಾ ಅಂತ ಕೇಳಿದ್ದೀರಿ. ದೊಡ್ಡ ಮಷಿನ್‌ಗೆ ದುಡ್ಡು ಹಾಕುವ ಮೊದಲು ಹಾಕುವ ಕಸವನ್ನೊಮ್ಮೆ ನೋಡಿ. ನಮ್ಮ ಮಲೆನಾಡಿನ ಕಸದಲ್ಲಿ ನಾರೂ ಜಾಸ್ತಿ, ನೀರೂ ಜಾಸ್ತಿ. ತೊಂದರೆಯೆಲ್ಲ ಅಲ್ಲೇ ಇರೋದು.

ಹಸಿ ಅಡಿಕೆ ಹಾಳೆ (ಸೋಗೆಯ ಬುಡದ ಅಗಲ ಪೊರೆ) ಹಾಕಿದಾಗ ಒಳಗೆ ಏನಾಗುತ್ತೆ ಅಂದ್ರೆ, ಬ್ಲೇಡ್ ಸ್ವಲ್ಪ ಮೊಂಡಾಗಿದ್ದರೂ ಅದು ತುಂಡಾಗಲ್ಲ, ಉದ್ದುದ್ದ ಸೀಳುತ್ತೆ, ಆ ಎಳೆಗಳು ಶಾಫ್ಟಿಗೆ ಹಗ್ಗದ ಹಾಗೆ ಸುತ್ತಿಕೊಂಡು ಬೇರಿಂಗ್ ಹತ್ತಿರ ಹೋಗಿ ಕೂರುತ್ತವೆ. ಅದರ ಮೇಲೆ ಒದ್ದೆ ಎಲೆ ಬಿದ್ದರೆ ಹೊರಹಾಕುವ ಕೊಳವೆ ಪೂರ್ತಿ ಮುದ್ದೆ. ಅದಕ್ಕೇ ಹಾಳೆಯನ್ನು ಮೊದಲೇ ಬೇರೆ ಮಾಡಿ. ಚೆನ್ನಾಗಿರೋದನ್ನು ತಟ್ಟೆ ಮಾಡುವವರು ತಗೊಳ್ತಾರೆ, ಉಳಿದದ್ದು ಗರಿಗರಿ ಒಣಗಿದ ಮೇಲೆ ಚಿಪ್ಪರ್‌ಗೆ ಹೋಗಲಿ. ರೆಂಬೆಯ ವಿಷಯ ಉಲ್ಟಾ. ಗ್ಲಿರಿಸಿಡಿಯಾ, ಸಿಲ್ವರ್ ಓಕ್, ಅಕೇಶಿಯಾ ಇವೆಲ್ಲ ಕಡಿದ ಹೊಸದರಲ್ಲೇ ಸಲೀಸಾಗಿ ತುಂಡಾಗುತ್ತವೆ, ಪೂರ್ತಿ ಒಣಗಿದ ಗಟ್ಟಿ ಕಟ್ಟಿಗೆಗೆ ಬ್ಲೇಡ್ ಬೇಗ ಸವೆಯುತ್ತೆ. ಸೊಪ್ಪು ಮಾತ್ರ ಬಾಡಲು ಬಿಡಿ. ಒಂದು ಕಂತೆ ಸೊಪ್ಪು ಹಾಕಿದರೆ ಹಿಂದೆಯೇ ಒಂದು ರೆಂಬೆ ಕೊಡಿ, ಕಟ್ಟಿಗೆ ಚೂರು ಒಳಗೆ ಅಂಟಿದ್ದನ್ನು ತಳ್ಳಿಕೊಂಡು ಹೋಗುತ್ತೆ. ಮಳೆಗಾಲದಲ್ಲಿ ಈ ಕೆಲಸ ಬೇಡವೇ ಬೇಡ. ದೀಪಾವಳಿ ಆದ ಮೇಲೆ ಕೊಯ್ಲಿನ ಗಡಿಬಿಡಿ ಇರುತ್ತೆ ನಿಜ, ಆದ್ರೂ ಬಿಸಿಲು ಸಿಗೋದು ಆಗಲೇ ಅಲ್ವಾ.

ಕೊಡುವಾಗ ಎಂಜಿನ್ ಪೂರ್ತಿ ವೇಗಕ್ಕೆ ಬಂದ ಮೇಲೆ ಕೊಡಿ. ದಪ್ಪ ಬುಡ ಮುಂದೆ, ಸೊಪ್ಪಿನ ತುದಿ ಹಿಂದೆ. ಕಿವಿ ಎಂಜಿನ್ ಮೇಲಿರಲಿ: ಸದ್ದು ಇಳಿಯಿತು ಅಂದ್ರೆ ಕೈ ತಡೆಯಿರಿ, ಸದ್ದು ಮತ್ತೆ ಏರಿದ ಮೇಲೆ ಮುಂದಿನದು. ಕಂಪನಿಯವರು ಹೇಳಿದ ದಪ್ಪ ಕೊನೆಯ ಮಿತಿ, ದಿನವಿಡೀ ಅಷ್ಟು ದಪ್ಪದ್ದೇ ಕೊಟ್ಟರೆ ಎಂಜಿನ್ ದಣಿಯುತ್ತೆ. ದಪ್ಪದ್ದನ್ನು ಸುಮ್ನೆ ಅಡಿಕೆ ಬೇಯಿಸುವ ಒಲೆಗೆ ಇಟ್ಟುಕೊಳ್ಳಿ.

ಬ್ಲೇಡ್ ಹಾಳು ಮಾಡೋದು ಕಟ್ಟಿಗೆಗಿಂತ ಮಣ್ಣು. ರೆಂಬೆಯನ್ನು ತೋಟದ ಕೆಸರಲ್ಲಿ ಎಳೆದು ತಂದು ಹಾಗೇ ತುರುಕಿದರೆ ಒಂದೇ ದಿನಕ್ಕೆ ಅಂಚು ಹೋಗುತ್ತೆ, ನಡುವೆ ಕಲ್ಲು ಸಿಕ್ಕಿದರಂತೂ ಕೇಳೋದೇ ಬೇಡ. ಕೊಡವಿ ಹಾಕಿ. ಗುಡಿಸಿದ ದರಗನ್ನು (ಒಣ ಎಲೆ) ಇದಕ್ಕೆ ಹಾಕಲೇಬೇಡಿ. ಹೊರಗೆ ಬೀಳೋದನ್ನು ಕೈಯಲ್ಲಿ ಹಿಡಿದು ನೋಡಿ: ಅಂಚು ಚೂಪಾಗಿರುವ ಚಕ್ಕೆ ಬಂದರೆ ಸರಿ, ಪುಡಿಯೂ ಹರಿದ ನಾರೂ ಬಂದರೆ ಬ್ಲೇಡ್ ಮಸೆಯುವ ಹೊತ್ತಾಗಿದೆ. ತಿರುಗುವ ಎರಡೂ ಬ್ಲೇಡ್ ಒಟ್ಟಿಗೇ, ಸಮನಾಗಿ ಮಸೆಸಿ. ಒಂದು ಹಗುರ ಒಂದು ಭಾರ ಆದರೆ ಮಷಿನ್ ನಡುಗುತ್ತೆ. ಎದುರಿನ ಸ್ಥಿರ ಬ್ಲೇಡಿನ ಅಂತರವನ್ನೂ ಆಗಲೇ ಮಷಿನ್ ಪುಸ್ತಕದಲ್ಲಿ ಹೇಳಿದ ಅಳತೆಗೆ ತರಿಸಿ. ನಾರು ಸೀಳಿಕೊಳ್ಳೋದಕ್ಕೆ ಅದೂ ಒಂದು ಕಾರಣ.

ಇದೊಂದನ್ನು ಮಾತ್ರ ದಯವಿಟ್ಟು ಹಗುರವಾಗಿ ತಗೋಬೇಡಿ. ಪಂಚೆ ಉಟ್ಟು, ಹೆಗಲಿಗೆ ಟವೆಲ್ ಹಾಕಿಕೊಂಡು ಇದರ ಮುಂದೆ ನಿಲ್ಲಬಾರದು. ಹೆಂಗಸರಾದರೆ ಸೆರಗು, ದುಪಟ್ಟಾ, ಬಳೆ ಬೇಡ. ರೆಂಬೆಯ ಕವಲು ತೋಳಿಗೆ ಸಿಕ್ಕಿದರೆ ಬಿಡಿಸಿಕೊಳ್ಳಲು ಸಮಯವೇ ಇರಲ್ಲ, ಹಾಗಾಗಿ ಮಷಿನ್ ಬಾಯಿಗೆ ನೇರ ನಿಲ್ಲದೆ ಪಕ್ಕಕ್ಕೆ ನಿಂತು ಕೊಡಿ. ಕೊನೆಯ ಗಿಡ್ಡ ತುಂಡನ್ನು ಕೈಯಿಂದ ತಳ್ಳದೆ ಮುಂದಿನ ರೆಂಬೆಯಿಂದಲೇ ತಳ್ಳಿ. ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ ಇರಲಿ. ಕಟ್ಟಿಕೊಂಡರೆ ಎಂಜಿನ್ ಆಫ್ ಮಾಡಿ. ಆಫ್ ಆದ ಮೇಲೂ ಬ್ಲೇಡ್ ಇರುವ ಡ್ರಮ್ ತಿರುಗುತ್ತಲೇ ಇರುತ್ತೆ, ಪೂರ್ತಿ ನಿಂತ ಮೇಲೆ ಸ್ಪಾರ್ಕ್ ಪ್ಲಗ್ ವೈರ್ ಕಿತ್ತು, ಆಮೇಲೆ ಮುಚ್ಚಳ ತೆಗೆಯಿರಿ. ಒಬ್ಬರೇ ಇರುವಾಗ ಓಡಿಸಬೇಡಿ.

ಎಲೆಚುಕ್ಕಿ ರೋಗ ಬಂದ ಸೋಗೆ, ಕೊಳೆ ರೋಗ ಬಂದ ಅಡಿಕೆ ಗೊನೆ ಇವನ್ನು ಪುಡಿ ಮಾಡಿ ತೋಟಕ್ಕೇ ಹರಡಬೇಡಿ, ರೋಗವನ್ನು ನಾವೇ ಬಿತ್ತಿದಂತೆ. ಬೇರೆ ತೆಗೆದು ಸುಟ್ಟುಬಿಡಿ. ಉಳಿದ ಚಕ್ಕೆಯನ್ನು ಮರದ ಬುಡಕ್ಕೆ ತಾಗದ ಹಾಗೆ ಸುತ್ತಲೂ ಮೂರ್ನಾಲ್ಕು ಇಂಚು ದಪ್ಪಕ್ಕೆ ಹರಡಿ. ಹಸಿ ಚಕ್ಕೆಯನ್ನು ಮಣ್ಣಿನೊಳಗೆ ಸೇರಿಸಿದರೆ ಕೊಳೆಯುವಾಗ ಅದು ಮಣ್ಣಿನ ಸಾರಜನಕ ಎಳೆದುಕೊಳ್ಳುತ್ತೆ, ಮೇಲೆ ಹಾಸಿದರೆ ಆ ತೊಂದರೆ ಅಷ್ಟಿಲ್ಲ. ಬೇಗ ಗೊಬ್ಬರ ಬೇಕಿದ್ದರೆ ಗುಂಡಿಯಲ್ಲಿ ಸಗಣಿ ಬಗ್ಗಡದ ಜೊತೆ ಪದರ ಪದರವಾಗಿ ಹಾಕಿ.