ರಾತ್ರಿ ಬೆರಳು ಜೋಮು ಹಿಡಿದರೆ ಕೈರೊಪ್ರಾಕ್ಟರ್ ಹತ್ತಿರ ಹೋಗಬೇಕಾ?

ಹೆಬ್ಬೆರಳು, ತೋರುಬೆರಳು, ನಡುಬೆರಳು ಮಾತ್ರ ರಾತ್ರಿ ಜೋಮು ಹಿಡಿದು, ಕೈ ಕೊಡವಿದರೆ ಸರಿಹೋಗುತ್ತದಾ? ಹಾಗಿದ್ದರೆ ಅದು ಹೆಚ್ಚಾಗಿ ಕಾರ್ಪಲ್ ಟನಲ್, ಅಂದರೆ ಮಣಿಕಟ್ಟಿನಲ್ಲಿ ನರ ಒತ್ತಿಹೋಗಿರುತ್ತದೆ. ಕುತ್ತಿಗೆಯಿಂದ ಕೈಗೆ ನೋವು ಹರಿದು ಬರುತ್ತಿದ್ದರೆ ಕಾರಣ ಬೇರೆ ಇರಬಹುದು.

ಮೊದಲು, ಮಲಗುವಾಗ ಮಣಿಕಟ್ಟು ನೇರವಾಗಿಡುವ ಸ್ಪ್ಲಿಂಟ್ ಹಾಕಿ. ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. 6 ವಾರ ಬಿಡದೆ ಹಾಕಬೇಕು, ಎರಡೇ ದಿನಕ್ಕೆ ಗುಣ ಕಾಣುವುದಿಲ್ಲ. ಟೈಪ್ ಮಾಡುವಾಗಲೂ ಮಣಿಕಟ್ಟು ಬಾಗದಿರಲಿ. ಆಮೇಲೆ ಶುಗರ್, ಥೈರಾಯ್ಡ್ ಪರೀಕ್ಷೆ ಮಾಡಿಸಿ, ಅವುಗಳ ತೊಂದರೆಯಿಂದಲೂ ಹೀಗಾಗಬಹುದು. ಜಾಸ್ತಿ ಜನ ಮರೆಯುವುದು ಇದನ್ನೇ.

ಕೈರೊಪ್ರಾಕ್ಟರ್ (ಕೈಯಿಂದ ಒತ್ತಿ, ತಿರುಗಿಸಿ ಬೆನ್ನುಮೂಳೆ, ಕೀಲುಗಳಿಗೆ ಚಿಕಿತ್ಸೆ ಕೊಡುವವರು) ಮಣಿಕಟ್ಟು, ಮೊಣಕೈ ಸಡಿಲಿಸಿದರೆ ಕೆಲವರಿಗೆ ಆರಾಮ ಸಿಗುತ್ತದೆ. ಆದರೆ ಪುರಾವೆ ಕಡಿಮೆ. ಸುಮ್ನೆ ಕುತ್ತಿಗೆ ತಿರುಚಲು ಮಾತ್ರ ಬಿಡಬೇಡಿ, ಅದರಲ್ಲಿ ಅಪಾಯವಿದೆ.

ಹೆಬ್ಬೆರಳ ಬುಡದ ಮಾಂಸ ಕರಗಿದ್ದರೆ ಅಥವಾ ಹಿಡಿದ ಲೋಟ ಜಾರುತ್ತಿದ್ದರೆ ಕಾಯಬೇಡಿ. ಮೂಳೆ ಡಾಕ್ಟರಿಗೆ ತೋರಿಸಿ, ನರ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದು ನೋಡುವ ನರ್ವ್ ಕಂಡಕ್ಷನ್ ಪರೀಕ್ಷೆ ಬೇಕಾ ಎಂದು ಕೇಳಿ.