ಬೆದರಿ ಓಡಿದ ಗಂಡು ಜಿಂಕೆ ಮತ್ತೆ ಸಿಕ್ಕೀತೇ?

ಪ್ರಶ್ನೆ: ಅಮೆರಿಕದ ಒಹಾಯೊದಲ್ಲಿ ಲೈಸೆನ್ಸ್ ಪಡೆದು ಬಿಲ್ಲಿನಿಂದ ಬಿಳಿಬಾಲದ ಜಿಂಕೆ ಬೇಟೆಯಾಡುತ್ತೇನೆ. ಅಕ್ಟೋಬರ್ ಕೊನೆಯ ಬೆಳಿಗ್ಗೆಯೊಂದರಲ್ಲಿ ಅಟ್ಟಣೆಯತ್ತ ನಡೆಯುತ್ತಿದ್ದಾಗ ಗುಡ್ಡದ ಇಳಿಜಾರಿನಲ್ಲಿ ಮಲಗಿದ್ದ ದೊಡ್ಡ ಕೊಂಬಿನ ಗಂಡೊಂದು ಎದ್ದು ಓಡಿತು. ಅದರ ಆಸೆ ಬಿಡಬೇಕೇ? ಕಾಯುವುದಾದರೆ ಎಷ್ಟು ದಿನ ಬಿಟ್ಟು ಹೋಗಬೇಕು?

ಉತ್ತರ: ಆಸೆ ಬಿಡಬೇಡಿ. ಆದರೆ ದಿನ ಎಣಿಸುವುದಕ್ಕೂ ಮೊದಲು ಅದು ಬೆದರಿದ್ದು ಯಾವುದಕ್ಕೆ ಎಂದು ಯೋಚಿಸಿ. ನೀವು ಕಣ್ಣಿಗೆ ಬಿದ್ದಿರಾ, ಸದ್ದು ಕೇಳಿಸಿತಾ, ಮೂಗಿಗೆ ಸಿಕ್ಕಿರಾ? ನಾಲ್ಕು ನೆಗೆತ ನೆಗೆದು ನಿಂತು, ಹಿಂತಿರುಗಿ ನೋಡಿ, ಮುಂಗಾಲಿನಿಂದ ನೆಲ ಒದ್ದಿದ್ದರೆ ಅದಕ್ಕೆ ನೀವು ಏನೆಂದು ಪೂರ್ತಿ ತಿಳಿದಿಲ್ಲ. ಗಾಳಿ ನಿಮ್ಮಿಂದ ಅದರ ಕಡೆಗೆ ಬೀಸುತ್ತಿದ್ದು, ಅದು ಮೂಗಿನಿಂದ ಬುಸ್ಸೆಂದು ಊದುತ್ತಾ ಓಡಿದ್ದರೆ ವಾಸನೆ ಹಿಡಿದಿದೆ. ಕಂಡದ್ದನ್ನೂ ಕೇಳಿದ್ದನ್ನೂ ಜಿಂಕೆ ಎರಡೆರಡು ಸಲ ಪರೀಕ್ಷಿಸುತ್ತದೆ. ಮೂಗು ಹೇಳಿದ್ದನ್ನು ಮಾತ್ರ ಅನುಮಾನಿಸುವುದಿಲ್ಲ.

ಕಂಡೋ ಕೇಳಿಯೋ ಬೆದರಿದ್ದರೆ ಆ ದಿನವೇ ಕೂರಬಹುದು. ಒಳ್ಳೆಯ ಮಲಗುವ ಜಾಗವನ್ನು ಗಂಡು ಸುಲಭವಾಗಿ ಬಿಟ್ಟುಕೊಡದು. ಅದೇ ಸಂಜೆಯೋ ಮರುದಿನ ನಸುಕಿಗೋ ಮರಳುವುದುಂಟು. ಹಿಂಬಾಲಿಸಬೇಡಿ. ಎದ್ದ ಜಾಗವನ್ನು ಒಮ್ಮೆ ಮಾತ್ರ, ಕೈಯಿಂದ ಏನನ್ನೂ ಮುಟ್ಟದೆ ನೋಡಿ: ತರಗೆಲೆ ಒತ್ತಿಹೋದ ಸುಮಾರು ನಾಲ್ಕಡಿಯ ಮೊಟ್ಟೆಯಾಕಾರದ ಗುರುತು, ಪಕ್ಕದ ಎಳೆಮರದಲ್ಲಿ ಕೊಂಬು ಉಜ್ಜಿ ಸುಲಿದ ತೊಗಟೆ. ಅಲ್ಲಿ ಬಗ್ಗಿ ಅದು ಮಲಗಿದ್ದ ಎತ್ತರದಿಂದಲೇ ಸುತ್ತ ಕಣ್ಣಾಡಿಸಿದರೆ ನೀವು ಬಂದ ದಾರಿ ಅದಕ್ಕೆ ಎಷ್ಟು ಚೆನ್ನಾಗಿ ಕಾಣುತ್ತಿತ್ತು ಎಂಬುದು ಗೊತ್ತಾಗುತ್ತದೆ. ಗುಡ್ಡಗಾಡಿನಲ್ಲಿ ಗಂಡು ಹೆಚ್ಚಾಗಿ ಗಾಳಿಮರೆಯ ಮಗ್ಗುಲಲ್ಲಿ, ನೆತ್ತಿಗೆ ಸ್ವಲ್ಪ ಕೆಳಗೆ ಮಲಗುತ್ತದೆ. ಬೆನ್ನ ಹಿಂದಿನದನ್ನು ಗಾಳಿ ತಿಳಿಸುತ್ತದೆ, ಕೆಳಗಿನದನ್ನು ಕಣ್ಣು ನೋಡಿಕೊಳ್ಳುತ್ತದೆ. ಹಾಗಾಗಿ ಕಣಿವೆಯಿಂದ ನೇರ ಹತ್ತುವುದೂ ತಪ್ಪು, ನೆತ್ತಿಯಿಂದ ಇಳಿಯುವುದೂ ತಪ್ಪು. ಅಡ್ಡಗಾಳಿ ಇರುವಾಗ ಪಕ್ಕದಿಂದ ಬಂದು, ಆ ಜಾಗದಿಂದ ಅರವತ್ತು ಎಂಬತ್ತು ಗಜ ದೂರದಲ್ಲಿ, ಅದು ಮರಳುವ ಜಾಡು ಬಾಣದ ಅಳತೆಗೆ ಸಿಗುವಂತೆ ಬೇರೊಂದು ಮರ ಹುಡುಕಿ. ಬೆಳಗಿನ ಬೇಟೆಯಾದರೆ ಬೆಳಕು ಹರಿಯಲು ಎರಡು ಗಂಟೆ ಇರುವಾಗಲೇ ಕೂತಿರಬೇಕು, ತಡವಾದರೆ ಅದೇ ನಿಮಗಿಂತ ಮೊದಲು ಬಂದು ಮಲಗಿರುತ್ತದೆ. ಏರುವ ಮುನ್ನ ಅಟ್ಟಣೆಯಲ್ಲಿ ಲೋಹಕ್ಕೆ ಲೋಹ ತಾಗುವ ಕಡೆಯೆಲ್ಲ ಸದ್ದಾಗದಂತೆ ಬಟ್ಟೆಯ ಟೇಪು ಸುತ್ತಿ. ಕಾಲು ನೆಲ ಬಿಟ್ಟ ಕ್ಷಣದಿಂದ, ಬೀಳದಂತೆ ಮೈಗೆ ತೊಡುವ ಪಟ್ಟಿ (ಹಾರ್ನೆಸ್) ಮರಕ್ಕೆ ಕಟ್ಟಿರಲಿ.

ವಾಸನೆ ಹಿಡಿದು ಓಡಿದ್ದರೆ ಒಂದು ವಾರ ಆ ಕಡೆ ತಲೆ ಹಾಕಬೇಡಿ. ಹೆಚ್ಚಿನವರು ಕೆಡಿಸಿಕೊಳ್ಳುವುದು ಇಲ್ಲೇ: ಬಂತೋ ಇಲ್ಲವೋ ನೋಡೋಣವೆಂದು ಪ್ರಾಣಿ ಹಾದಾಗ ತಾನಾಗಿ ಚಿತ್ರ ತೆಗೆಯುವ ಟ್ರೇಲ್ ಕ್ಯಾಮೆರಾದ ಕಾರ್ಡು ತೆಗೆಯಲು ಎರಡು ದಿನಕ್ಕೊಮ್ಮೆ ಹೋಗಿ, ಪ್ರತಿ ಸಲವೂ ಹೊಸ ವಾಸನೆ ಬಿಟ್ಟು ಬರುತ್ತಾರೆ. ಹವೆ ಬದಲಾಗುವುದನ್ನು ಕಾಯಿರಿ. ಶೀತ ಹವೆಯ ಅಲೆ (ಕೋಲ್ಡ್ ಫ್ರಂಟ್) ದಾಟಿದ ಮೇಲೆ ಗಾಳಿ ಸಾಮಾನ್ಯವಾಗಿ ವಾಯವ್ಯದಿಂದ ಬೀಸತೊಡಗುತ್ತದೆ. ಆಗ ಗಂಡು ಮಲಗುವ ಮಗ್ಗುಲೂ ಬದಲಾಗಬಹುದು. ಹಳೆಯ ಅಟ್ಟಣೆಗೆ ಹಳೆಯ ದಾರಿಯಲ್ಲೇ ಹೋಗಿ ಕೂರುವುದರಲ್ಲಿ ಅರ್ಥವಿಲ್ಲ.

ಮುನ್ಸೂಚನೆಯ ಗಾಳಿಯನ್ನಷ್ಟೇ ನಂಬಬೇಡಿ. ಬಿಸಿಲು ಬಿದ್ದ ಮೇಲೆ ಇಳಿಜಾರಿನ ಗಾಳಿ ಮೇಲೇರುತ್ತದೆ, ಸಂಜೆ ತಣ್ಣಗಾಗುತ್ತಲೇ ಹಳ್ಳಕ್ಕಿಳಿಯುತ್ತದೆ. ಪುಡಿ ಊದಿ ನೋಡಿದರೆ ಕೆಲವೇ ಅಡಿಯ ಮಾತು ತಿಳಿಯುತ್ತದೆ. ನಮ್ಮ ಎಕ್ಕದ ಬಳಗದ ಮಿಲ್ಕ್‌ವೀಡ್ ಕಾಯಿಯ ಅರಳೆ ಎರಡೆಳೆ ತೇಲಿಬಿಡಿ. ನೂರು ಗಜದಾಚೆ ನಿಮ್ಮ ವಾಸನೆ ಎಲ್ಲಿಗೆ ತಿರುಗುತ್ತದೆ ಎಂಬುದು ಕಣ್ಣಿಗೇ ಕಾಣುತ್ತದೆ.

ನವೆಂಬರ್ ಹತ್ತಿರ ಬಂದಿರುವುದರಿಂದ ಇನ್ನೊಂದು ಮಾತು. ಬೆದೆಗಾಲ ಏರಿದ ಮೇಲೆ ಗಂಡು ತನ್ನ ಜಾಗಕ್ಕಿಂತ ಹೆಣ್ಣುಗಳ ಜಾಡನ್ನೇ ಹಿಡಿದು ಅಲೆಯುತ್ತದೆ. ಆಗ ಹೆಣ್ಣುಗಳು ಮಲಗುವ ಪೊದೆಯಿಂದ ಗಾಳಿ ಬೀಸಿ ಬರುವ ಬದಿಯಲ್ಲಿ ಕೂರುವುದೇ ಮೇಲು. ಅದು ಒಳಗೆ ನುಗ್ಗದೆ ಆ ಅಂಚಿನಲ್ಲೇ ಮೂಸುತ್ತಾ ಹಾದುಹೋಗುತ್ತದೆ.

ಪ್ರಶ್ನೆ: ಬಂದೂಕಿನ ಸೀಸನ್‌ನಲ್ಲಿ ಬಿಲ್ಲಿನವರೂ ಕಿತ್ತಳೆ ಜಾಕೆಟ್ ಹಾಕಲೇಬೇಕು. ಜಿಂಕೆ ಅದಕ್ಕೇ ಬೆದರುವುದಿಲ್ಲವೇ?

ಉತ್ತರ: ಇಲ್ಲ. ಜಿಂಕೆಯ ಕಣ್ಣಿನಲ್ಲಿ ಬಣ್ಣ ಗುರುತಿಸುವ ಕೋಶಗಳು ಎರಡೇ ಬಗೆಯವು. ಕೆಂಪು, ಕಿತ್ತಳೆ ಅದಕ್ಕೆ ಎದ್ದು ಕಾಣವು. ನೀಲಿ ಮಾತ್ರ ಚೆನ್ನಾಗಿ ಕಾಣುತ್ತದೆ, ಆದ್ದರಿಂದ ಜೀನ್ಸ್ ಬೇಡ. ಬಟ್ಟೆಗೆ ಹೊಳಪು ಕೊಡುವ ಡಿಟರ್ಜೆಂಟ್‌ನಲ್ಲಿ ಒಗೆದ ಜಾಕೆಟ್ ಕೂಡ ಮುಸ್ಸಂಜೆಯಲ್ಲಿ ಅದಕ್ಕೆ ನೀಲಿಯಾಗಿ ಮಿನುಗುತ್ತದೆ. ಹೊಳಪುಕಾರಕವೂ ಪರಿಮಳವೂ ಇಲ್ಲದ ಸೋಪು ಬಳಸಿ.