ಮಾಷ್ಟ್ರೇ, ಆ ಹುಡುಗಿಯ ಪಟ್ಟಿ ತಪ್ಪಲ್ಲ

ಪ್ರಿಯ ಮಾಷ್ಟ್ರೇ,

ಮಂಜೇಶ್ವರದಿಂದ ನೀವು ಕಳಿಸಿದ ‘ಸರಿಯಾದ ಫಲಿತಗಣ ಯಾವುದು?’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ನಮ್ಮ ಮಕ್ಕಳ ಪುಟಕ್ಕೆ ಹಾಕಲು ಆಗುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ, ತಿದ್ದಿದರೆ ಖಂಡಿತ ಹಾಕುತ್ತೇನೆ.

ಮೊದಲ ಎರಡು ಪ್ಯಾರಾ ತೆಗೆದುಬಿಡಿ. ಕುಂಬಳೆಯ ಮಕ್ಕಳಿಗೆ ಮೊನಾಕೊದ ಜೂಜುಕಟ್ಟೆ ಯಾಕೆ? ಇನ್ನೊಂದು, ಒಂದು ಕಡೆ ‘ಫಲಿತಗಣ’, ಇನ್ನೊಂದು ಕಡೆ ‘ಸ್ಯಾಂಪಲ್ ಸ್ಪೇಸ್’ ಅಂತ ಬರೆದಿದ್ದೀರಿ. ಏನೇನು ಫಲಿತ ಬರಬಹುದು ಎಂಬ ಪಟ್ಟಿಗೇ ಈ ಎರಡೂ ಹೆಸರು, ಆದರೆ ಬೇರೆ ಬೇರೆ ಅಂತ ಮಕ್ಕಳು ತಿಳಿದುಕೊಳ್ಳುತ್ತಾರೆ.

ನನ್ನ ನಿಜವಾದ ತಕರಾರು ಮೂರನೇ ಪುಟದಲ್ಲಿದೆ. ಎರಡು ನಾಣ್ಯ ಒಟ್ಟಿಗೆ ಹಾರಿಸಿದರೆ ‘ಹೆಡ್ ಸೊನ್ನೆ, ಒಂದು ಅಥವಾ ಎರಡು’ ಎಂದು ನಿಮ್ಮ ವಿದ್ಯಾರ್ಥಿನಿ ಬರೆದಳು. ನಾಲ್ಕು ಫಲಿತದ ಪಟ್ಟಿ (ಹೆಡ್-ಹೆಡ್, ಹೆಡ್-ಟೇಲ್, ಟೇಲ್-ಹೆಡ್, ಟೇಲ್-ಟೇಲ್) ಮಾತ್ರ ಸರಿ ಎಂದು ನೀವು ಅದಕ್ಕೆ ಗೀಟು ಎಳೆದಿರಿ. ಹಾಗಲ್ಲ ಮಾಷ್ಟ್ರೇ. ಏನೇ ಬಿದ್ದರೂ ಅದಕ್ಕೆ ಪಟ್ಟಿಯಲ್ಲಿ ಒಂದು ಜಾಗ ಇರಬೇಕು, ಒಂದೇ ಜಾಗ ಇರಬೇಕು. ಇಷ್ಟಿದ್ದರೆ ಅದು ಫಲಿತಗಣವೇ. ಅವಳ ಪಟ್ಟಿಯಲ್ಲಿ ಎರಡೂ ಇದೆ. ಅವಳು ಎಡವಿದ್ದು ಆಮೇಲೆ, ಮೂರಕ್ಕೂ 1/3 ಸಂಭವನೀಯತೆ ಕೊಟ್ಟಾಗ.

ಒಂದು ರೂಪಾಯಿ, ಐದು ರೂಪಾಯಿ ನಾಣ್ಯ ಕೊಟ್ಟು ಅವಳಿಂದಲೇ ಹಾರಿಸಿ. ಒಂದೇ ಹೆಡ್ ಬಂದಾಗೆಲ್ಲ ‘ಯಾವುದರದ್ದು?’ ಅಂತ ಕೇಳಿ. ಸ್ವಲ್ಪ ಹೊತ್ತಿಗೆ ಅವಳಿಗೇ ಹೊಳೆಯುತ್ತದೆ: ಅದು ಎರಡು ದಾರಿಯಲ್ಲಿ ಬರುತ್ತದೆ, ಉಳಿದವು ಒಂದೊಂದೇ ದಾರಿಯಲ್ಲಿ. ಹಾಗಾಗಿ 1/4, 1/2, 1/4. ದೊಡ್ಡವರೂ ಇಲ್ಲೇ ಬಿದ್ದಿದ್ದಾರೆ. ಎರಡು ಎಸೆತದಲ್ಲಿ ಒಮ್ಮೆಯಾದರೂ ಹೆಡ್ ಬರುವ ಸಂಭವನೀಯತೆ 2/3 ಎಂದು ಫ್ರಾನ್ಸಿನ ಗಣಿತಜ್ಞ ದಾಲಂಬೇರ್ 1754ರಲ್ಲಿ ವಿಶ್ವಕೋಶದಲ್ಲೇ ಬರೆದ. ಮೊದಲ ಎಸೆತಕ್ಕೇ ಹೆಡ್ ಬಂದರೆ ಆಟ ಮುಗಿಯಿತು, ಹಾಗಾಗಿ ಫಲಿತ ಮೂರೇ (ಹೆಡ್, ಟೇಲ್-ಹೆಡ್, ಟೇಲ್-ಟೇಲ್) ಅಂತ ಅವನ ಲೆಕ್ಕ. ಪಟ್ಟಿ ಸರಿಯೇ ಇತ್ತು. ಮೂರನ್ನೂ ಸಮ ಅಂದುಕೊಂಡದ್ದು ತಪ್ಪು, ಉತ್ತರ 3/4. ಇದನ್ನು ಅವಳಿಗೆ ಹೇಳಿ, ಖುಷಿಪಡುತ್ತಾಳೆ.

ನಿಜವಾಗಿ ಕೆಟ್ಟ ಪಟ್ಟಿ ಯಾವುದು ಅಂತ ನೀವು ತೋರಿಸಲೇ ಇಲ್ಲ. ದಾಳ ಉರುಳಿಸಿ ‘ಸಮಸಂಖ್ಯೆ, ಅವಿಭಾಜ್ಯ ಸಂಖ್ಯೆ’ ಅಂತ ಬರೆಯಿರಿ. 2 ಬಿದ್ದರೆ ಎರಡೂ ಕಡೆ ಸೇರುತ್ತದೆ. 1 ಬಿದ್ದರೆ ಎಲ್ಲೂ ಸೇರುವುದಿಲ್ಲ, ಪಾಪ.

ಮೊನಾಕೊ ಹೋದ ಜಾಗಕ್ಕೆ ಕವಡೆ ತನ್ನಿ. (ಕವಡೆ ಅಂದ ಕೂಡಲೇ ನಮ್ಮೂರಿನವರಿಗೆ ಜೋಯಿಸರೇ ನೆನಪಾಗುವುದು, ಇರಲಿ.) ನಾಲ್ಕು ಕವಡೆ ಹಾಕುವ ಚೌಕಾಬಾರದಲ್ಲಿ ಬಾಯಿ ಮೇಲಾದವನ್ನು ಎಣಿಸುತ್ತೇವೆ, ಎಲ್ಲವೂ ಕವುಚಿ ಬಿದ್ದರೆ ಎಂಟು. ಅಂದರೆ 1, 2, 3, 4, 8. ಎಷ್ಟು ಚಂದದ ಫಲಿತಗಣ, ಅಲ್ವಾ? ಆದರೆ ಯಾವ ಅಜ್ಜಿಯೂ ಐದಕ್ಕೂ ಸಮ ಅವಕಾಶ ಅನ್ನುವುದಿಲ್ಲ. ಕವಡೆ ನಾಣ್ಯದಂತೆ ಬಿದ್ದರೂ 16 ದಾರಿಗಳಲ್ಲಿ 2ಕ್ಕೆ ಆರು, 8ಕ್ಕೆ ಒಂದೇ. ಅದರ ಬೆನ್ನು ಉಬ್ಬು, ಬಾಯಿ ಚಪ್ಪಟೆ. ಹಾಗಾಗಿ ಈ ಲೆಕ್ಕವನ್ನೂ ಸುಮ್ನೆ ನಂಬುವ ಹಾಗಿಲ್ಲ. ಮಕ್ಕಳು ನೂರು ಸಲ ಹಾಕಿ ಬರೆದಿಡಲಿ. ಆ ಕೋಷ್ಟಕವನ್ನೂ ಕಳಿಸಿ, ಅಚ್ಚು ಹಾಕೋಣ.

ಎರಡು ಪುಟ ಮೀರಬೇಡಿ. ಆ ಹುಡುಗಿಯ ಪಟ್ಟಿ ಅಲ್ಲೇ ಇರಲಿ, ನಿಮ್ಮ ಗೀಟು ಮಾತ್ರ ತೆಗೆಯಿರಿ.

ಇಂತಿ,
ಸಂಪಾದಕ, ಕಾಸರಗೋಡು